ಡ್ರಿಲ್ ಮಾಸ್ತರರು ಕೇಳಿದ್ದು

ಮೊನ್ನೆ ಪರಿಚಯದವರ ಮನೆಗೆ, ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಲು ಹೋಗಿದ್ದೆ. ಪಡಸಾಲೆಯ ಹೊಸ್ತಿಲು ದಾಟುತ್ತಿದ್ದಂತೆ ಸ್ಪಿರಿಟ್ ಮತ್ತು ಟಾಲ್ಕಂ ಪೌಡರ್ ಬೆರೆತ ವಾಸನೆ ಮೂಗಿಗೆ ಬಡಿಯಿತು. ಬಹಳ ದಿನ ಮಲಗಿದವರ ಬೆನ್ನು ಹುಣ್ಣಾಗದಿರಲೆಂದು ಸ್ಪಿರಿಟ್ ಹಚ್ಚಿ, ಅದು ಆರಿದ ಮೇಲೆ ಪೌಡರ್ ಉದುರಿಸುತ್ತಾರೆ. ಅಜ್ಜಿಯ ಸೊಸೆ ಕುರ್ಚಿ ಕೊಟ್ಟು ಏನೋ ಮಾತಾಡಿಸುತ್ತಿದ್ದಳು. ನಾನು ಮಾತ್ರ ಜೇವರ್ಗಿಯ ನಮ್ಮ ಹಳೆಯ ಓಣಿಯಲ್ಲಿ, ಡ್ರಿಲ್ ಮಾಸ್ತರರ ಮಂಚದ ಪಕ್ಕದಲ್ಲಿ ಕೂತಿದ್ದೆ...

ಅವರು ನಮಗೆ ಹೈಸ್ಕೂಲಿನಲ್ಲಿ ವ್ಯಾಯಾಮ ಹೇಳಿಕೊಟ್ಟವರು. ಊರಿಗೆಲ್ಲ ಅವರು ಡ್ರಿಲ್ ಮಾಸ್ತರರು. ಎತ್ತರದ ಆಳು, ಕಂಚಿನ ಕಂಠ. ಸೀಟಿ ಊದದೆಯೇ ಇಡೀ ಮೈದಾನವನ್ನು ನಿಲ್ಲಿಸಬಲ್ಲವರಾಗಿದ್ದರು. ಬೇಸಿಗೆ ರಜೆ ಬಂತೆಂದರೆ ಊರಾಚೆಯ ತೋಟದ ಬಾವಿಯಲ್ಲಿ ನಮಗೆ ಈಜು ಕಲಿಸುತ್ತಿದ್ದರು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ನೀರಿಗೆ ದೂಡುವುದು, ಧೈರ್ಯ ಬಂದ ಮೇಲೆ ನಮಗೆ ಗೊತ್ತಾಗದಂತೆ ಡಬ್ಬಿ ಬಿಚ್ಚುವುದು. ನಾನೂ ಹಾಗೆಯೇ ಕಲಿತೆ.

ಗುಲಬರ್ಗಾದಲ್ಲಿ ಕಾನೂನು ಓದಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಕೀಲಿಕೆಗೆಂದು ಜೇವರ್ಗಿಗೆ ಮರಳಿದಾಗ ಮಾಸ್ತರರು ಮಲಗಿದ್ದರು. ಅದೇ ಬಾವಿ. ಆ ಬೇಸಿಗೆಯಲ್ಲಿ ನೀರು ಇಳಿದಿತ್ತು. ಪ್ರತಿವರ್ಷ ಜಿಗಿಯುತ್ತಿದ್ದ ಕಟ್ಟೆಯಿಂದಲೇ ಜಿಗಿದರು, ತಲೆ ತಳದ ಬಂಡೆಗೆ ಬಡಿಯಿತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು, ಕುತ್ತಿಗೆಯ ನರ ಹರಿದಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರಂತೆ. ಕುತ್ತಿಗೆಯಿಂದ ಕೆಳಗೆ ಯಾವುದೂ ಅವರದಾಗಿ ಉಳಿಯಲಿಲ್ಲ. ಕಣ್ಣು, ಬಾಯಿ, ಬುದ್ಧಿ ಮಾತ್ರ ಮೊದಲಿನ ಹಾಗೆಯೇ ಇದ್ದವು. ಅದೇ ಕಷ್ಟವಾಗಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಸಣ್ಣ ಮೈಕಟ್ಟಿನ ಹೆಂಗಸು. ಗಂಡನ ಅಷ್ಟು ದೊಡ್ಡ ದೇಹವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಮಲಗಿಸುವುದನ್ನು, ಒರೆಸುವುದನ್ನು, ಉಣಿಸುವುದನ್ನು ಒಬ್ಬಳೇ ಮಾಡುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿಸಿ, ಅವರ ಕೊರಳಲ್ಲಿದ್ದ ಲಿಂಗವನ್ನು ತೆಗೆದು ಅವರ ಎಡ ಅಂಗೈಯಲ್ಲಿಟ್ಟು, ಆ ಅಂಗೈಯ ಕೆಳಗೆ ತನ್ನ ಕೈ ಕೊಟ್ಟು ಅವರ ಕಣ್ಣೆದುರಿಗೆ ಎತ್ತಿ ಹಿಡಿಯುತ್ತಿದ್ದಳು. ಅವರು ನೋಡುತ್ತಿದ್ದರು. ಪೂಜೆ ಮುಗಿಯುವವರೆಗೆ ಅವಳ ತೋಳು ನಡುಗುತ್ತಿತ್ತು.

ಸಂಜೆ ಕೋರ್ಟಿನಿಂದ ಬಂದ ಮೇಲೆ ನಾನು ಅವರಿಗೆ ಪೇಪರ್ ಓದಿ ಹೇಳುತ್ತಿದ್ದೆ. ಆಗಿನ್ನೂ ನನಗೂ ಅಲ್ಲಿ ಗೆಳೆಯರು ಎಂದು ಹೆಚ್ಚು ಜನ ಇರಲಿಲ್ಲ. ಮೊದಮೊದಲು ಅವರ ಮನೆ ತುಂಬ ಜನ ಬರುತ್ತಿದ್ದರಂತೆ. ಹಳೆಯ ವಿದ್ಯಾರ್ಥಿಗಳು, ಶಾಲೆಯ ಮಾಸ್ತರರು, ಅಂಗಡಿಯವರು. ಬಂದವರನ್ನೆಲ್ಲ ಮಾಸ್ತರರು ಒಂದೇ ಮಾತು ಕೇಳತೊಡಗಿದರು: ನನಗೆ ಸಾಯಲು ಏನಾದರೂ ತಂದುಕೊಡಿ. ಕೇಳುವುದೂ ಹೇಗೆ? ಸಕ್ಕರೆ ತಂದುಕೊಡಿ ಎಂದ ಹಾಗೆ, ಅಷ್ಟು ಸಮಾಧಾನದಿಂದ. ಒಬ್ಬರು ಅತ್ತರು, ಒಬ್ಬರು ಬೈದರು, ಕೆಲವರು ಪುರಾಣ ಹೇಳಿದರು. ಆಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಬೀದಿಯಲ್ಲಿ ಎದುರಾದರೆ ಅಕ್ಕನ ಹತ್ತಿರ ಮಾಸ್ತರರು ಹೇಗಿದ್ದಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಆ ಮಂಚದ ಸುತ್ತ ಕುರ್ಚಿಗಳು ಕಡಿಮೆಯಾಗುತ್ತ ಕೊನೆಗೆ ನನ್ನದೊಂದೇ ಉಳಿಯಿತು.

ಒಂದು ಸಂಜೆ ಪೇಪರಿನಲ್ಲಿ ತೀರ್ಪೊಂದರ ಸುದ್ದಿ ಬಂದಿತ್ತು. ಸಾಯಲು ಹೋಗಿ ಬದುಕುಳಿದವನಿಗೆ ಶಿಕ್ಷೆ ಕೊಡುವ ಕಲಮು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಬಾರ್ ರೂಮಿನಲ್ಲಿ ಹಗಲೆಲ್ಲ ಅದರದೇ ಚರ್ಚೆ ನಡೆದಿತ್ತು. ಇವರಿಗೆ ಓದಲೋ ಬೇಡವೋ ಎಂದು ನಾನು ಅನುಮಾನಿಸಿದೆ. ಪುಟ ತಿರುವಿದ್ದನ್ನು ಅವರು ಕಂಡರು. ಮುಚ್ಚಿಡಬೇಡ, ಓದು ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು.

"ಅಂದ್ರ ಸಾಯೋದು ಗುನ್ನೆ ಅಲ್ಲ ಅಂದಂಗಾತು."

"ಪೂರಾ ಹಂಗಲ್ಲ ಸರ್. ತಾನ ಮಾಡ್ಕೊಳ್ಳಾಕ ಹೋಗಿ ಉಳದಾವಗ ಶಿಕ್ಷೆ ಇಲ್ಲ ಅಂದಾರ. ಇನ್ನೊಬ್ಬರು ಕೈ ಹಚ್ಚಿದ್ರ ಅದು ಖೂನಿನ."

ಅವರು ಕಣ್ಣನ್ನು ತಮ್ಮ ಕೈಗಳ ಕಡೆ ಇಳಿಸಿದರು.

"ಹಂಗಾರ ಕೈ ಆಡಾವರಿಗಷ್ಟ ಈ ಹಕ್ಕು. ನಂದು ಕೈ ಆಡಂಗಿಲ್ಲ. ನಾ ಯಾರನ್ನ ಕೇಳಬೇಕು, ಹೇಳಲೇ ತಮ್ಮಾ."

ಕಾನೂನಿನ ಪುಸ್ತಕಗಳಲ್ಲಿ ಕೊಲ್ಲುವವನಿದ್ದ, ಸಾಯುವವನಿದ್ದ. ಹೀಗೆ ಮಲಗಿ ಕೇಳುವವನು ಎಲ್ಲಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಆ ಸುದ್ದಿ ಓದಿದ್ದು ತಪ್ಪು ಎಂದೇನೂ ಅವಳು ಹೇಳಲಿಲ್ಲ. ಅದರ ಬಗ್ಗೆ ನನ್ನ ಜೊತೆ ವಾದಿಸಲು ಬಂದಂತಿತ್ತು.

"ಜೀವ ನಂದು ಅಂತಾರ. ಅವರ ಉಸರು ಕೇಳಿ ನಾ ಏಳ್ತೇನಿ. ಅವರು ಉಂಡ್ರೋ ಇಲ್ಲೋ ನೋಡಿ ನಾ ಉಣ್ತೇನಿ. ಅದರಾಗ ನಂದೇನೂ ಇಲ್ಲೇನು ತಮ್ಮಾ? ನಿಮ್ಮ ಕೋರ್ಟಿನಾಗ ಅದನ್ನ ಯಾರರ ಕೇಳ್ಯಾರೇನು?"

ಅದನ್ನೂ ಯಾರೂ ಕೇಳಿರಲಿಲ್ಲ.

ಅದಾದ ಕೆಲವು ದಿನಗಳಲ್ಲಿ ಮಾಸ್ತರರು ಬಾಯಿ ಮುಚ್ಚಿದರು. ಅವರ ಅಂಕೆಯಲ್ಲಿ ಉಳಿದಿದ್ದು ಅದೊಂದೇ ತಾನೇ. ಅಕ್ಕ ಗಂಜಿಯ ಚಮಚ ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಮೊದಲು ಅನ್ನ, ಆಮೇಲೆ ಹಾಲು, ಆಮೇಲೆ ನೀರನ್ನೂ ಬಿಟ್ಟರು. ಕೆನ್ನೆಗಳು ಒಳಗೆ ಹೋದವು. ಓಣಿಯವರು ಮತ್ತೆ ಬರತೊಡಗಿದರು, ಬಾಗಿಲಲ್ಲಿ ನಿಂತು ಪಿಸುಗುಟ್ಟಿ ಹೋಗುತ್ತಿದ್ದರು. ಯಾರೋ ಡಾಕ್ಟರನ್ನು ಕರೆತಂದರು. ಮೂಗಿನಿಂದ ನಳಿಕೆ ಹಾಕಿ ಹೊಟ್ಟೆಗೆ ಆಹಾರ ಬಿಡಬಹುದು, ರೋಗಿಯ ಒಪ್ಪಿಗೆಗೆ ಕಾಯುತ್ತ ಕೂತರೆ ಪ್ರಾಣ ಹೋಗುತ್ತದೆ ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಕಳಕಳಿಯಿಂದಲೇ ಹೇಳಿದರು. ಅಕ್ಕ ಮಂಚದ ಹತ್ತಿರ ಹೋಗಿ, ನಳಿಕೆ ಹಾಕಿಸಲೇ ಎಂದು ಗಂಡನನ್ನು ಕೇಳಿದಳು. ಅವರು ಕಣ್ಣು ಮುಚ್ಚಿಕೊಂಡರು. ಅವಳು ಡಾಕ್ಟರ ಕಡೆ ತಿರುಗಿದಳು.

"ಬ್ಯಾಡ್ರಿ ಸಾಹೇಬ್ರ. ಕೈಲೆ ತಡಿಯಾಕ ಬರಂಗಿಲ್ಲ ಅಂತ ಅವರ ಮೂಗಿನಾಗ ನಾವು ತುರುಕಬಾರದು."

ಡಾಕ್ಟರು ಹೋದರು. ನೆರೆದವರು ಅವಳನ್ನು ವಿಚಿತ್ರವಾಗಿ ನೋಡಿದರು. ಅವಳು ಒಲೆಯ ಮೇಲಿದ್ದ ಗಂಜಿಯನ್ನು ಕೆಳಗಿಳಿಸಿ, ಮಂಚದ ಕಾಲಿಗೆ ಒರಗಿ ಕೂತಳು. ಅವಳೂ ಉಣ್ಣಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಹೊರಳಿಸುವ ಹೊತ್ತಿಗೆ ಎದ್ದು ಹೊರಳಿಸುತ್ತಿದ್ದಳು, ಸ್ಪಿರಿಟ್ ಹಚ್ಚುತ್ತಿದ್ದಳು, ಮತ್ತೆ ಬಂದು ಕೂರುತ್ತಿದ್ದಳು. ಅವರು ಮಾಳಿಗೆ ನೋಡುತ್ತಿದ್ದರು, ಅವಳು ನೆಲ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಎತ್ತುವಾಗ ಅವಳ ಕೈ ಸೋತು ಕೆಳಗೆ ಬಿತ್ತು. ಲಿಂಗ ಹಾಸಿಗೆಯ ಮೇಲೆ ಉರುಳಿತು. ನಾನು ಅಲ್ಲೇ ಇದ್ದೆ. ಮಾಸ್ತರರು ಹೆಂಡತಿಯ ಮುಖವನ್ನು ನೋಡಿದರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಬಾಯಿ ತೆರೆದು, ಗಂಜಿ ಕಾಯಿಸು, ಇಬ್ಬರಿಗೂ ಎಂದರು.

ಅವಳು ಅಡುಗೆಮನೆಗೆ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಸೋತೆ ಲೇ. ನಾ ಹೊಂಟ್ರ ಈಕಿ ನನಕಿಂತ ಮೊದಲ ಹೋಗತಾಳ."

ಅದು ಪ್ರೀತಿಯೋ, ಬಲವಂತವೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ...

ಆಮೇಲೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು. ನನ್ನ ಎದುರಿಗೇ ಮಾತಾಡಿದರು. ಸಾಯಿಸು ಎಂದು ಇನ್ನು ಯಾರನ್ನೂ ಕೇಳುವುದಿಲ್ಲ ಎಂದರು ಮಾಸ್ತರರು. "ಆದ್ರ ತಾನಾಗೇ ಬಂದ್ರ ಅಡ್ಡ ನಿಂದರಬ್ಯಾಡ." ಅಕ್ಕ ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ ಆತು ಎಂದಳು.

ಮುಂದೆ ಒಂದು ವರ್ಷದ ಮೇಲೆ ಅವರು ಬದುಕಿದರು. ಸುಖವಾಗಿ ಎಂದು ಹೇಳಲಾರೆ. ಆದರೆ ಕೆಲವು ಸಂಜೆ ಕ್ರಿಕೆಟ್ ಸುದ್ದಿ ಓದಿದರೆ ತಮಾಷೆ ಮಾಡುತ್ತಿದ್ದರು. ಒಮ್ಮೆ ನನ್ನ ಹೊಟ್ಟೆ ನೋಡಿ, ನಾಳೆಯಿಂದ ಮೈದಾನ ಸುತ್ತು ಎಂದು ಹಳೆಯ ಕಂಠದಲ್ಲಿ ಗದರಿದರು.

ಚಳಿಗಾಲದಲ್ಲಿ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕುವ ಶಕ್ತಿ ಅವರ ದೇಹಕ್ಕಿರಲಿಲ್ಲ. ಸುದ್ದಿ ತಿಳಿದು ಅಫಜಲಪುರದ ಕಡೆಯಿಂದ ಅವರ ಅಣ್ಣ ಜೀಪು ಮಾಡಿಕೊಂಡು ಬಂದರು. ಕಬ್ಬು ಬೆಳೆಯುವ ರೈತ, ತಮ್ಮನ ಮೇಲೆ ಪ್ರಾಣ ಇಟ್ಟುಕೊಂಡವರು. ಈಗಲೇ ಗುಲಬರ್ಗಾಕ್ಕೆ ಒಯ್ಯೋಣ, ಉಸಿರಾಟದ ಯಂತ್ರವಿದೆ, ಉಳಿಯುತ್ತಾನೆ ಎಂದರು. ಜೊತೆಗೆ ಬಂದವರು ಮಂಚವನ್ನು ಹಾಗೆಯೇ ಎತ್ತಲು ಬಗ್ಗಿದರು. ಅಕ್ಕ ಬಾಗಿಲ ಚೌಕಟ್ಟನ್ನು ಎರಡೂ ಕಡೆ ಹಿಡಿದು ನಿಂತಳು. ಆ ಸಣ್ಣ ಹೆಂಗಸು ಇಡೀ ಬಾಗಿಲನ್ನು ತುಂಬಿದ್ದಳು.

"ಬದುಕಸಾಕ ಬಂದೇವಿ ನಾವು. ನೀ ಯಾಕ ತಡೀತಿ ಬೇ?"

"ಒಯ್ಯಂಗಿಲ್ಲ ಅಂತ ಮಾತು ಕೊಟ್ಟೇನಿ ಭಾವಾರ."

ಅಣ್ಣ ನನ್ನ ಕಡೆ ತಿರುಗಿದರು. ವಕೀಲ ಇದ್ದೀ, ಹೆಂಡತಿ ಹೀಗೆ ತಡೆಯಬಹುದೇ, ಕಾನೂನಿನಲ್ಲಿದೆಯೇ ಎಂದು ಕೇಳಿದರು. ಕಾನೂನು ಏನೆನ್ನುತ್ತದೋ ನನಗೆ ತಿಳಿಯದು, ಮಾಸ್ತರರಿಗೆ ಇನ್ನೂ ಎಚ್ಚರವಿದೆ, ಅವರನ್ನೇ ಕೇಳಿ ಎಂದೆ. ಅಣ್ಣ ಮಂಚದ ಪಕ್ಕ ಕೂತು ತಮ್ಮನ ತಲೆಯನ್ನು ಹಿಡಿದುಕೊಂಡರು. ಉಸಿರಿನ ನಡುವೆ ಬಿಡಿಬಿಡಿಯಾಗಿ ಮಾಸ್ತರರು ಹೇಳಿದರು:

"ಅಣ್ಣಾ... ಜೀಪು ಕಳಸು. ನಾ ಇಲ್ಲೇ ಇರ್ತೇನಿ."

ಅಷ್ಟು ದೊಡ್ಡ ಮನುಷ್ಯ, ಅಣ್ಣ, ತಮ್ಮನ ಎದೆಯ ಮೇಲೆ ಮುಖವಿಟ್ಟು ಅತ್ತರು. ಜೀಪು ಖಾಲಿ ಹೋಯಿತು. ಮರುದಿನ ಮಧ್ಯಾಹ್ನ ಅಕ್ಕ ಅವರನ್ನು ಬಲಕ್ಕೆ ಹೊರಳಿಸುವಾಗ ಉಸಿರು ನಿಂತಿತು. ಅವಳು ತಕ್ಷಣ ಯಾರನ್ನೂ ಕೂಗಲಿಲ್ಲ. ಪೌಡರ್ ಹಚ್ಚುವುದನ್ನು ಮುಗಿಸಿ, ಅಂಗಿ ಸರಿಮಾಡಿ, ಆಮೇಲೆ ಹೊರಗೆ ಬಂದು ನನ್ನನ್ನು ಕರೆದಳು.

ಊರು ಅವಳನ್ನು ಕ್ಷಮಿಸಲಿಲ್ಲ. ಗಂಡನನ್ನು ಕೈಯಾರೆ ಬಿಟ್ಟಳು, ಸಾಕಾಗಿತ್ತು ಅವಳಿಗೆ ಎಂದರು. ಉಪವಾಸ ಕೂತಿದ್ದನ್ನು ಕಂಡವರೇ ಹಾಗೆ ಅಂದರು. ಹಬ್ಬಕ್ಕೆ ಕರೆಯುವುದು ನಿಂತಿತು.

ಕೆಲವು ತಿಂಗಳ ಮೇಲೆ ಸರ್ವೋಚ್ಚ ನ್ಯಾಯಾಲಯದ ದೊಡ್ಡ ಪೀಠ ಹಿಂದಿನ ತೀರ್ಪನ್ನು ತಿರುಗಿಸಿತು. ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರುವುದಿಲ್ಲ ಎಂದಿತು. ನಾನೇ ಹೋಗಿ ಅಕ್ಕನಿಗೆ ಹೇಳಿದೆ. ನಾವು ಮಾಡಿದ್ದು ತಪ್ಪು ಅಂತೇನು ಎಂದು ಕೇಳಿದಳು. ಹಾಗಲ್ಲ, ಕಾಯಿಲೆಯನ್ನು ಅದರ ಪಾಡಿಗೆ ಬಿಡುವುದು ಬೇರೆ ಮಾತು ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಅವಳ ಲಕ್ಷ್ಯ ಅರ್ಧಕ್ಕೇ ಬೇರೆ ಕಡೆ ಹೋಗಿತ್ತು. ಖಾಲಿ ಮಂಚವನ್ನು ನೋಡುತ್ತ ಹೇಳಿದಳು:

"ರಾತ್ರಿ ಅವರನ್ನ ಹೊಳ್ಳಿಸೋ ಹೊತ್ತಿಗಿ ಈಗೂ ಎಚ್ಚರಾಗ್ತದ ತಮ್ಮಾ. ಎದ್ದು ಕುಂದರ್ತೇನಿ. ಆಮ್ಯಾಲ ನೆನಪಾಗ್ತದ."

ಅಕ್ಕ ಹೋಗಿಯೂ ಬಹಳ ವರ್ಷವಾಯಿತು. ಕೊನೆಗೆ ತವರಿನವರ ಜೊತೆ ಆಳಂದದಲ್ಲಿದ್ದಳಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಕಾನೂನು ಮತ್ತೆ ಬದಲಾಗಿದೆ. ವಾಸಿಯಾಗದ ಸ್ಥಿತಿ ಬಂದಾಗ ಯಂತ್ರ ಬೇಡ, ನಳಿಕೆ ಬೇಡ ಎಂದು ಎಚ್ಚರವಿರುವಾಗಲೇ ಬರೆದಿಡಬಹುದು. ವಯಸ್ಸಾದ ಕೆಲವರು ಅದಕ್ಕೆಂದು ನನ್ನ ಹತ್ತಿರ ಬರುತ್ತಾರೆ. ಬರೆದುಕೊಡುತ್ತೇನೆ.

ಮೊನ್ನೆ ಅಜ್ಜಿಯನ್ನು ನೋಡಿ ಬಂದ ಮೇಲೆ ನನ್ನದೂ ಒಂದು ಬರೆದಿಡೋಣ ಎಂದು ಕೂತೆ. ನಾನು ಮದುವೆಯಾಗಲಿಲ್ಲ, ಮನೆಯಲ್ಲಿ ಒಬ್ಬನೇ. ಏನು ಬೇಡವೆಂಬುದೆಲ್ಲ ಸಲೀಸಾಗಿ ಬರೆದೆ. ನನಗೆ ಮಾತು ನಿಂತಾಗ ನನ್ನ ಪರವಾಗಿ ನಿಂತು ಹೇಳುವವರು ಯಾರು ಎಂದು ಅದರಲ್ಲಿ ಬರೆಯಬೇಕಾಗುತ್ತದೆ. ಅಲ್ಲಿಗೆ ಬಂದು ಪೆನ್ನು ನಿಂತಿತು. ಸಂಜೆಯವರೆಗೂ ಕೂತಿದ್ದೆ. ಬರೆಯಲು ಒಂದು ಹೆಸರೂ ನೆನಪಾಗಲಿಲ್ಲ.