ಹೆಬ್ಬೆರಳಿನಷ್ಟು ಸಂದು

ಮೊಮ್ಮಗಳು ಹುಟ್ಟಿ ನಾಲ್ಕು ತಿಂಗಳಾಯಿತು. ಅವಳ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತರೆ ಕೈ ಸೈಕಲ್ಲಿನ ಕಡೆಗೇ ಹೋಗುತ್ತದೆ. ಏನು ಮಾಡಲಿ, ಆ ಸೈಕಲ್ಲು ನನ್ನ ತಲೆಯನ್ನು ಅಷ್ಟು ತಿಂದಿದೆ. ಮದುವೆಯಾದ ಒಂಬತ್ತು ವರ್ಷಕ್ಕೆ ಮಗಳು ಬಸುರಿಯಾಗಿದ್ದಳು. ಓಣಿಯ ತುಂಬ ಸಕ್ಕರೆ ಹಂಚಿ ಕುಣಿಯಬೇಕಾದ ದಿನಗಳಲ್ಲಿ ನಾನು ಟೈರಿನ ಸುತ್ತ ಎಷ್ಟು ಜಾಗ ಬೇಕು, ಮುಂದೆ ಸ್ಪ್ರಿಂಗು ಬೇಕೋ ಬೇಡವೋ ಎಂಬ ಪುರಾಣ ಕೇಳುತ್ತ ಕುಳಿತಿದ್ದೆ.

ಶುರುವಾದದ್ದು ಏಳನೆಯ ತಿಂಗಳ ಕುಬಸದ ದಿನ. ತೊಟ್ಟಿಲ ಕಾರ್ಯದಲ್ಲಿ ಅಳಿಯನಿಗೆ ಆಯೇರಿ ಕೊಡುವುದು ನಮ್ಮ ಕಡೆಯ ರೂಢಿ. ಉಂಗುರ ಕೊಡುತ್ತಾರೆ, ಗಡಿಯಾರ ಕೊಡುತ್ತಾರೆ, ಕೈಲಾದವರು ಮೋಟರ್ ಸೈಕಲ್ಲನ್ನೂ ಕೊಡುತ್ತಾರೆ. ನಮ್ಮ ಮನೆಯವರು ಎಲ್ಲರ ಎದುರಿಗೆ, ಏನು ಮಾಡಿಸೋಣ ಹೇಳಿರಿ ಎಂದು ಕೇಳಿದರು. ಅಳಿಯ ನೆಲ ನೋಡುತ್ತ, "ಉಂಗುರ ಬ್ಯಾಡ್ರಿ ಮಾವಾರ. ಒಂದ್ ಸೈಕಲ್ ಕೊಡ್ಸ್ರಿ" ಎಂದ.

ಊಟಕ್ಕೆ ಕುಳಿತ ಪಂಕ್ತಿಯೇ ನಕ್ಕಿತು. ನನ್ನ ನಾದಿನಿಗಂತೂ ಹಬ್ಬ. "ಬಾಜೂಕ ಎರಡ್ ಸಣ್ಣ ಗಾಲಿ ಇರ್ತಾವಲ್ಲ, ಅಂಥಾದೇನ್ರಿ ಅಳಿಯಂದ್ರ?" ಎಂದು ಕೇಳಿಯೇಬಿಟ್ಟಳು. ನಮ್ಮ ಮನೆಯವರ ಮುಖ ಬಾಡಿದ ಬದನೆಕಾಯಿ.

ಅವನ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ. ಅಳಿಯ ಹುಮನಾಬಾದಿನ ಒಂದು ಬೇಳೆ ಮಿಲ್ಲಿನಲ್ಲಿ ಮೆಕ್ಯಾನಿಕ್. ನಮ್ಮೂರು ರಾಜೇಶ್ವರದಿಂದ ಒಳಗೆ, ಹೊಲಗಳ ನಡುವೆ. ಮಿಲ್ಲು ಬಿಡುವುದು ಐದಕ್ಕೆ, ನಮ್ಮೂರಿಗೆ ಬರುವ ಬಸ್ಸು ಹೊರಡುವುದೂ ಐದಕ್ಕೆ. ಅದು ತಪ್ಪಿದರೆ ಆ ದಿನ ಬಸ್ಸಿಲ್ಲ. ಮೋಟರ್ ಸೈಕಲ್ ಇತ್ತು, ಆದರೆ ಹಿಂದಿನ ವರ್ಷ ಹೈವೇದಲ್ಲಿ ಲಾರಿ ಒತ್ತರಿಸಿ ಅಳಿಯ ತಗ್ಗಿಗೆ ಬಿದ್ದು ಹೆಗಲ ಎಲುಬು ಮುರಿದುಕೊಂಡಿದ್ದ. ಬಸುರಿಯಾದ ಮೇಲೆ ಮಗಳು ಅವನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಡಿಸಿ, ಇನ್ನು ಆ ರಸ್ತೆಗೆ ಹೋಗುವುದಿಲ್ಲವೆಂದು ಆಣೆ ಹಾಕಿಸಿದಳು. ಉಳಿದದ್ದು ಹೊಲದ ದಾರಿ. ಅರ್ಧ ಮುರುಮು ಹಾಕಿದ ಕಚ್ಚಾ ರಸ್ತೆ, ಅರ್ಧ ಎರೆಮಣ್ಣು, ನಡುವೆ ಒಂದು ಹಳ್ಳ. ಹಳ್ಳಕ್ಕೆ ಎರಡು ಚಪ್ಪಡಿ ಕಲ್ಲು ಬಿಟ್ಟರೆ ಸೇತುವೆ ಇಲ್ಲ. ಮೋಟರ್ ಸೈಕಲ್ ದಾಟುವುದಿಲ್ಲ. ಸೈಕಲ್ಲಾದರೆ ಹೆಗಲಿಗೇರಿಸಿ ದಾಟಬಹುದು, ಒಂದು ತಾಸಿನಲ್ಲಿ ಊರು ಮುಟ್ಟಬಹುದು.

ಬಾಣಂತನ ನಮ್ಮ ಮನೆಯಲ್ಲಿ, ಐದು ತಿಂಗಳು. ಐದು ತಿಂಗಳು ರವಿವಾರಕ್ಕೊಮ್ಮೆ ಬಂದು ನೋಡಿದರಾಯಿತು, ಎಲ್ಲ ಗಂಡಸರೂ ಹಾಗೇ ಮಾಡುತ್ತಾರೆ ಎಂದೆ. ಅದಕ್ಕೆ ಅವನು, "ಐದು ತಿಂಗಳು ನಾ ಕಾಣ್ಲಿಲ್ಲಂದ್ರ ಕೂಸು ನನ್ನ ಗುರ್ತು ಹ್ಯಾಂಗ ಹಿಡೀತದ್ರಿ ಅತ್ತಿ?" ಎಂದ. ಒಂಬತ್ತು ವರ್ಷ ಕಾದವನು. ಕೊಡಿಸೋಣ ಎಂದೆ.

ಕೊಡಿಸೋಣ ಎಂದದ್ದೇ ತಪ್ಪಾಯಿತು. ಪ್ರತಿ ರವಿವಾರ ಫೋನು ಹಿಡಿದು ಬಂದು ಚಿತ್ರ ತೋರಿಸತೊಡಗಿದ. ಅದಕ್ಕೆ ಗ್ರಾವೆಲ್ ಬೈಕ್ ಅನ್ನುತ್ತಾರಂತೆ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಮಡ್‌ಗಾರ್ಡ್ ಎಲ್ಲಿ ಎಂದರೆ ಇಲ್ಲ. ಕ್ಯಾರಿಯರ್? ಇಲ್ಲ. ಸ್ಟ್ಯಾಂಡು? ಅದೂ ಇಲ್ಲ. ಗಂಟೆ ಬೇಕಾದರೆ ಬೇರೆ ಕೊಳ್ಳಬೇಕು. ಹಾಗಾದರೆ ನಾವು ಕೊಡುವುದಾದರೂ ಏನನ್ನು? ಒಂದು ವಾರ ನಲವತ್ತು ಮಿಲಿಮೀಟರಿನ ಟೈರು, ಮುಂದಿನ ವಾರ ನಲವತ್ತೈದು, ಅದರ ಮುಂದಿನ ವಾರ ಐವತ್ತು ಕೂಡುವಂಥದ್ದೇ ಬೇಕು. ಮುಂದಿನ ಗಾಲಿಗೆ ಸ್ಪ್ರಿಂಗು ಇದ್ದರೆ ಮುರಿದ ಹೆಗಲಿಗೆ ಹಿತ, ಆದರೆ ತೂಕ ಹೆಚ್ಚು. ಸೀಟಿನ ಕೆಳಗೆ ಸ್ಪ್ರಿಂಗು ಹಾಕಿದರೆ ಹೇಗೆ? ಏನೂ ಇಲ್ಲದಿದ್ದರೆ ಹೇಗೆ? ಮಗಳು ದಿನ ಎಣಿಸುತ್ತಿದ್ದಳು, ಇವನು ಮಿಲಿಮೀಟರು. ನಾವು ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ಮಧ್ಯಾಹ್ನದ ರೊಟ್ಟಿಗೆ ಮನೆಗೆ ಬಂದುಬಿಡುತ್ತಿದ್ದೆವು.

ಕೂಸು ಹುಟ್ಟಿತು. ತುಂಬು ತಲೆಗೂದಲು, ಗಲ್ಲದ ಮೇಲೆ ಗುಳಿ. ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ಟಾಗ ನಾನು ಅತ್ತ ಅಳುವಿಗೆ ನರ್ಸಮ್ಮ ಬಂದು ಏನಾಯಿತೆಂದು ಕೇಳಿದಳು. ಆಗಲೂ ಅಳಿಯ ಸೈಕಲ್ಲು ಆರಿಸಿರಲಿಲ್ಲ. ಹದಿಮೂರನೆಯ ದಿನ ತೊಟ್ಟಿಲು. ಎಂಟು ದಿನ ಉಳಿದಾಗ ನನ್ನ ತಾಳ್ಮೆ ಮುಗಿಯಿತು. ನಮ್ಮ ಹೊಲದ ಎರೆಮಣ್ಣನ್ನು ಕಲಸಿ, ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹುಮನಾಬಾದಿಗೆ ಹೊರಟೆ. ನಾನು ಮೂರನೆಯ ಇಯತ್ತೆಯವರೆಗೆ ಓದಿದವಳು, ಮಿಲಿಮೀಟರು ನನಗೆ ತಿಳಿಯದು. ಆದರೆ ಮಳೆಗಾಲದಲ್ಲಿ ಆ ಮಣ್ಣು ಕಾಲಿಗೆ ಹತ್ತಿದರೆ ಹೆಜ್ಜೆಗೊಂದು ಸೇರು ಹೇಗೆ ಏರುತ್ತದೆ ಎಂಬುದು ನನ್ನ ಮೊಣಕಾಲಿಗೆ ಗೊತ್ತು.

ಅಂಗಡಿಯವರು ಹೈದರಾಬಾದಿನಿಂದ ಎರಡು ಸೈಕಲ್ ತರಿಸಿಟ್ಟಿದ್ದರು. ಒಂದಕ್ಕೆ ಮುಂದೆ ಸ್ಪ್ರಿಂಗು. ಇನ್ನೊಂದಕ್ಕೆ ಸ್ಪ್ರಿಂಗಿಲ್ಲ, ದಪ್ಪ ಟೈರು. ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಟೈರೇ ತಗ್ಗು ದಿನ್ನೆಯ ಪೆಟ್ಟು ತಿನ್ನುತ್ತದೆ ಎಂದರು. ಸ್ಪ್ರಿಂಗಿನದಕ್ಕೆ ಮಣ್ಣು ಧೂಳಿನಲ್ಲಿ ಆಗಾಗ ಬಿಚ್ಚಿ ಎಣ್ಣೆ ಕಾಣಿಸಬೇಕು ಎಂದೂ ಹೇಳಿದರು. ಅಳಿಯ ಮಿಲ್ಲಿನ ಅಳತೆ ಇಕ್ಕಳ ತಂದಿದ್ದ. ಸ್ಪ್ರಿಂಗಿನ ಸೈಕಲ್ಲಿನ ಮುಂದಿನ ಗಾಲಿಗೆ ಅದನ್ನು ಹಿಡಿದು, ಇಲ್ಲಿ ಭರ್ಜರಿ ಜಾಗ ಇದೆ ಎಂದು ನನಗೆ ತೋರಿಸಿದ. ಬದಿಗೆ ಸರಿಯಿರಿ ಎಂದು ನಾನು ಡಬ್ಬಿಯ ಮುಚ್ಚಳ ತೆಗೆದೆ.

"ಹೊಸಾ ಮಾಲ್ ಅದರಿ ಅವ್ವಾರ" ಎಂದು ಅಂಗಡಿಯವರು ಅಡ್ಡ ಬಂದರು.

"ಹೊಸಾದಕ್ಕೇ ಹಚ್ಚಿ ನೋಡ್ಬೇಕ್ರಿ. ಹಳೇದಕ್ಕ ಹೊಲಾನೇ ಹಚ್ತದ" ಎಂದೆ.

ಅವರು ನಕ್ಕು ದಾರಿ ಬಿಟ್ಟರು. ಸೆಗಣಿ ಕುಳ್ಳು ಬಡಿಯುವ ಹಾಗೆ ಹಿಂದಿನ ಟೈರಿಗೆ ಮಣ್ಣು ಬಡಿದೆ. ಅಳಿಯ ಸೀಟು ಹಿಡಿದೆತ್ತಿದ, ನಾನು ಪೆಡಲ್ ತಿರುವಿದೆ. ಸ್ಪ್ರಿಂಗಿನ ಸೈಕಲ್ಲಿನಲ್ಲಿ ಮಣ್ಣು ಪೆಡಲ್ಲಿನ ಹಿಂದೆ ಎರಡು ಕೊಳವೆ ಕೂಡುವಲ್ಲಿಗೆ ಹೋಗಿ ಗಚ್ಚಾಗಿ ಕುಳಿತು, ಗಾಲಿ ನಿಂತೇಹೋಯಿತು. ಮುಂದೆ ನಾಲ್ಕು ಬೆರಳು ಜಾಗ ಇಟ್ಟುಕೊಂಡು ಏನು ಮಾಡುವುದು? ಇನ್ನೊಂದರಲ್ಲಿ ಮಣ್ಣು ಕೆರೆದುಕೊಂಡು ಹೋಗಿ ನೆಲಕ್ಕೆ ಬಿತ್ತು, ಗಾಲಿ ತಿರುಗುತ್ತಲೇ ಇತ್ತು. ಆಚೆ ಈಚೆ ನನ್ನ ಹೆಬ್ಬೆರಳು ಹೋಗುವಷ್ಟು ಸಂದು. ಆದರೆ ಪೆಡಲ್ ಬಿಟ್ಟರೆ ಅದು ಟಿಕಟಿಕಟಿಕ ಎಂದು ಅಂಗಡಿ ತುಂಬ ಒದರಿತು. ಕೆಟ್ಟಿದೆ ಎಂದೆ. ಇಲ್ಲ, ಅದರ ಸದ್ದೇ ಹಾಗೆ ಎಂದರು. ಊರ ನಾಯಿಗಳನ್ನೆಲ್ಲ ಎಬ್ಬಿಸುತ್ತದಲ್ಲ ಎಂದು ಗೊಣಗಿದೆ.

ಅಳಿಯ ಮನೆಗೆ ಹೋಗಿ ಇನ್ನೊಮ್ಮೆ ವಿಚಾರ ಮಾಡುತ್ತೇನೆ ಎಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮಾಡ್ರಿ. ಅಷ್ಟೊತ್ತಿಗೆ ಕೂಸು ಲಗ್ನಕ್ಕ ಬರ್ತದ" ಎಂದೆ. ಹೆಗಲಿಗೆ ನೋವಾದರೆ ಮುಂದೆ ಸೀಟಿನ ಕೆಳಗೆ ಸ್ಪ್ರಿಂಗು ಹಾಕಿಸಬಹುದೆಂದು ಅಂಗಡಿಯವರೂ ಹೇಳಿದ ಮೇಲೆ ಒಪ್ಪಿದ. ಒಂದು ಕೊಡ ನೀರು ಕೇಳಿ ಪಡೆದು ಅಂಗಡಿಯ ನೆಲ ತೊಳೆದುಕೊಟ್ಟು ಬಂದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ತೊಟ್ಟಿಲ ಹಿಂದಿನ ದಿನ ಸೈಕಲ್ಲು ತರಲು ಹೋದ ನಮ್ಮ ಮನೆಯವರು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ನೆಟ್ಟಗೆ ಬಸವಕಲ್ಯಾಣಕ್ಕೆ ಒಯ್ದರು. ಅಲ್ಲಿ ಗುರುತಿನ ಒಬ್ಬ ವೆಲ್ಡಿಂಗಿನವನಿಂದ ಹಿಂದೆ ಮುಂದೆ ತಗಡಿನ ಮಡ್‌ಗಾರ್ಡ್ ಕೂಡಿಸಿ, ಹಸಿರು ಬಣ್ಣ ಬಳಿಸಿ, ಕೆಂಪು ಗೊಂಡೆ ಕಟ್ಟಿಸಿ ತಂದರು. ಬೀಗರ ಮುಂದೆ ಬೋಳು ಸೈಕಲ್ಲು ಕೊಡುವುದು ಹೇಗೆ ಎಂಬುದು ಅವರ ಚಿಂತೆ. ಆಯೇರಿ ಕೊಟ್ಟಾಗ ಎಲ್ಲರೂ ಹೊಗಳಿದರು. ನಾದಿನಿಯೂ ಹೊಗಳಿದಳು, ಅಂದರೆ ನೋಡಿ. ಅಳಿಯ ಬಗ್ಗಿ ಹಿಂದಿನ ಗಾಲಿಗೆ ಹೆಬ್ಬೆರಳು ಹಾಕಿ ನೋಡಿದ. ಹೋಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, "ಭಾಳ ಚಲೋ ಅದರಿ ಮಾವಾರ" ಎಂದ. ಕೊಟ್ಟ ಆಯೇರಿಯನ್ನು ಕೊಟ್ಟವರ ಎದುರಿಗೆ ಬದಲಿಸಲಾಗದು. ನಾನೂ ಬೀಗರ ಎದುರಿಗೆ ಹಲ್ಲು ಕಚ್ಚಿಕೊಂಡೇ ಸಕ್ಕರೆ ಹಂಚಿದೆ.

ಮರುವಾರ ಮಳೆ ಹಿಡಿಯಿತು. ಆರಕ್ಕೆ ಬರಬೇಕಾದವನು ಆರೂವರೆಯಾದರೂ ಇಲ್ಲ. ಕೂಸು ಕಣ್ಣು ಬಿಟ್ಟುಕೊಂಡೇ ಇತ್ತು, ಆಮೇಲೆ ಆಕಳಿಸಿ ನಿದ್ದೆ ಹೋಯಿತು. ಮಗಳು ಬಾಗಿಲು ನೋಡುತ್ತ ಕುಳಿತಳು. ಏಳೂವರೆಗೆ ಅಳಿಯ ಬಂದ, ಮೊಣಕಾಲತನಕ ಕೆಸರು, ಮುರಿದ ಹೆಗಲ ಮೇಲೆಯೇ ಸೈಕಲ್ಲು. ತಗಡಿನ ಕೆಳಗೆ ಎರೆಮಣ್ಣು ತುಂಬಿಕೊಂಡು ಗಾಲಿ ತಿರುಗುವುದಿಲ್ಲ, ಕಡ್ಡಿಯಿಂದ ಕೆದರಿದರೆ ಹತ್ತು ಹೆಜ್ಜೆಗೆ ಮತ್ತೆ ತುಂಬುತ್ತದೆ. ಮಲಗಿದ ಕೂಸನ್ನು ನೋಡಿ, ಜಗುಲಿಯ ಮೇಲೆ ಮಲಗಿ, ಬೆಳಗಾಗುತ್ತಲೇ ಹೊರಟುಹೋದ. ಮರುದಿನವೂ ಹಾಗೆಯೇ. ಒಂದು ಮಾತು ಆಡಲಿಲ್ಲ ಪುಣ್ಯಾತ್ಮ. ಆಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮೂರನೆಯ ದಿನ ಊಟಕ್ಕೆ ಬಡಿಸುತ್ತ ನಮ್ಮ ಮನೆಯವರಿಗೆ ಹೇಳಿದೆ: "ಅಳಿಯಂದ್ರು ನಿಮ್ಮ ಆಯೇರಿ ಮ್ಯಾಲ ಕುಂತ್ ಬರಾಕತ್ತಿಲ್ಲರಿ. ಅದೇ ಅವರ ಮ್ಯಾಲ ಕುಂತ್ ಬರಾಕತ್ತದ."

ಸಂಜೆ ಅಳಿಯ ಸೈಕಲ್ಲು ಹೊತ್ತು ಬಂದಾಗ ನಮ್ಮ ಮನೆಯವರು ಪಾನಾ ಹಿಡಿದು ಅಂಗಳಕ್ಕೆ ಹೋದರು. ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ನಟ್ಟು ಬಿಚ್ಚತೊಡಗಿದರು. ಅಳಿಯ ಗಾಬರಿಯಾಗಿ, "ಇರ್ಲಿ ಬಿಡ್ರಿ ಮಾವಾರ, ಆಯೇರಿ ಅದ" ಎಂದ.

"ಆಯೇರಿ ಸೈಕಲ್ ಅದರಿ. ತಗಡ ನನ್ನ ಹುಚ್ಚು" ಎಂದರು ಅವರು, ತಲೆ ಎತ್ತದೆ. ಎರಡೂ ತಗಡು ಬಿಚ್ಚಿದ ಮೇಲೆ ತಮ್ಮ ಹೆಬ್ಬೆರಳನ್ನು ಸಂದಿಗೆ ಹಾಕಿ ನೋಡಿ, ಗಾಲಿಯನ್ನು ಒಮ್ಮೆ ತಿರುವಿ ಬಿಟ್ಟರು. ಹಸಿರು ತಗಡು ಈಗ ಬಚ್ಚಲಿನ ನೀರು ಬಳ್ಳಿಗಳಿಗೆ ಹರಿಯುವಲ್ಲಿ ಕಾಲುವೆಯಾಗಿ ಕೂತಿದೆ. ಕೆಂಪು ಗೊಂಡೆ ತೊಟ್ಟಿಲಿಗೆ ಏರಿತು.

ಆವತ್ತಿನಿಂದ ಅಳಿಯ ಆರಕ್ಕೆ ಬರುತ್ತಾನೆ, ಕೂಸು ಎಚ್ಚರವಿರುವಾಗ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಹುಟ್ಟಿದಂದಿನಿಂದ ಎಣ್ಣೆ ಹಚ್ಚಿ ಎರೆದವಳು ನಾನು, ಲೋಬಾನ ಹಾಕಿದವಳು ನಾನು. ನಾನು ಎದುರಿಗೆ ನಿಂತು ಗಿಲಕಿ ಆಡಿಸಿದರೂ ಈ ಹುಡುಗಿ ಕಣ್ಣು ತೇಲಿಸಿ ನೋಡುತ್ತಾಳೆ. ಆದರೆ ಓಣಿಯ ತಿರುವಿನಲ್ಲಿ ಟಿಕಟಿಕಟಿಕ ಕೇಳಿದ್ದೇ ತಡ, ಕುತ್ತಿಗೆ ಪೂರ್ತಿ ಬಾಗಿಲ ಕಡೆ ತಿರುಗುತ್ತದೆ, ಕೈಕಾಲು ನಾಲ್ಕೂ ಗಾಳಿಯಲ್ಲಿ. ಬಾಗಿಲಲ್ಲಿ ಅಪ್ಪ ಕಾಣುವವರೆಗೆ ಕಣ್ಣು ಕೀಳುವುದಿಲ್ಲ.

ಮೊನ್ನೆ ಅಳಿಯ, ಅತ್ತೆಗೆ ಸದ್ದು ತ್ರಾಸವಾಗುತ್ತದಲ್ಲ, ಆ ಗಾಲಿಯ ಒಳಗೆ ಗ್ರೀಸು ತುಂಬಿದರೆ ಸುಮ್ಮನಾಗುತ್ತದಂತೆ ಎಂದು ಬಿಚ್ಚಲು ಕುಳಿತಿದ್ದ. ನಾನು ಒಳಗಿನಿಂದ ಓಡಿಬಂದೆ.

"ಅದನ್ನೊಂದ್ ಮುಟ್ಟಿ ನೋಡ್ರಿ" ಎಂದೆ.