ಡೈರಿ ಗೋಡೆಗೆ ಅಂಟಿಸಿದ ಹಾಳೆ

ಬೆಳಿಗ್ಗೆಯಿಂದ ಪಕ್ಕದ ಬೀದಿಯಲ್ಲಿ ಯಾರೋ ರೇಷ್ಮೆ ಹುಳ ತರುವ ಮುನ್ನ ಮನೆಗೆ ಔಷಧಿ ಹೊಡೆಸುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಆ ಘಾಟು ಬಿಡುತ್ತಿಲ್ಲ. ನಿಮಗಾದರೆ ಬರೀ ಕೆಮ್ಮು ಬಂದೀತು. ನನಗೆ ಹಳೆಯ ಹೆದರಿಕೆಯೂ ಬರುತ್ತದೆ.

ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಚಿಕ್ಕಬಳ್ಳಾಪುರದಲ್ಲಿ ಬಿ.ಎ. ಮುಗಿಸಿ ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದೆ. ಓದಿದ ಸೊಸೆಯೆಂದು ಅತ್ತೆಗೆ ಭಾರಿ ಹೆಮ್ಮೆ. ನನ್ನ ವಿದ್ಯೆಯೆಲ್ಲ ಮದುವೆ ಪತ್ರಿಕೆಗಳ ಮುಹೂರ್ತ ಓದಿ ಹೇಳುವುದರಲ್ಲೇ ಖರ್ಚಾಗುತ್ತಿತ್ತು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳೆಯಿರುವಾಗ ಹುಳ ಒಳಗೆ, ನಾವು ಜಗಲಿಯಲ್ಲಿ. ಚಳಿಗಾಲದಲ್ಲಿ ಹುಳಕ್ಕೆ ಇದ್ದಿಲ ಒಲೆ ಬೇರೆ. ಮುಟ್ಟಾದವರು, ಬಾಣಂತಿಯರು ಸುಳಿದರೆ ಬೆಳೆ ಕೆಡುತ್ತದೆಂಬ ನಂಬಿಕೆ.

ಒಂದು ಚಳಿಗಾಲ, ಹುಳ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ನನ್ನ ವಾರಗಿತ್ತಿ ಮಂಜುಳಾಳಿಗೆ ಹೆರಿಗೆಯಾಯಿತು. ತವರಿನಲ್ಲಿ ತಾಯಿ ಇರಲಿಲ್ಲ. ಆಸ್ಪತ್ರೆಯಿಂದ ಬಂದವಳನ್ನು ಕೂಸಿನ ಸಮೇತ ಹಿಪ್ಪುನೇರಳೆ ಸೊಪ್ಪು ಇಡುವ ಕೊಟ್ಟಿಗೆಯಲ್ಲಿ ಮಲಗಿಸಿದರು. ಬಾಗಿಲಿಗೆ ಗೋಣಿತಾಟು.

"ಅತ್ತೆ, ಮಗೂಗೆ ಚಳಿ ಆಗುತ್ತೆ" ಎಂದೆ.

"ಹುಳ ಅಂದ್ರೆ ಲಕ್ಷ್ಮಿ ಕಣಮ್ಮ. ಗೂಡು ಆಗ್ಲಿ, ಒಳಕ್ಕೆ ಕರ್ಕೊಳ್ಳಣ."

ಬಾಯಲ್ಲಿ ಆಗದ್ದನ್ನು ಬರೆದು ನೋಡೋಣವೆಂದು ಹಾಳೆ ಹಿಡಿದೆ. ಹಾಲಿನ ಡೈರಿಯ ಗೋಡೆಗೆ ಅಂಟಿಸಿದರೆ ಊರೆಲ್ಲ ಓದುತ್ತದೆ. ಮಂಜುಳಾ ನನ್ನ ಕೈ ಹಿಡಿದುಕೊಂಡಳು. "ಬೇಡ ಅಕ್ಕ. ಬೆಳೆ ಹೋದ್ರೆ ನನ್ ಮೇಲೇ ಬರುತ್ತೆ."

ಬಿಟ್ಟೆ. ಮರುದಿನ ಕೂಸಿನ ಪಾದ ಮುಟ್ಟಿದರೆ ಕೊರೆಯುತ್ತಿತ್ತು, ಅಳು ಕ್ಷೀಣವಾಗಿತ್ತು. ಸೆರಗಿನೊಳಗೆ ಹಾಕಿಕೊಂಡು ಬೆಚ್ಚಗೆ ಮಾಡುತ್ತಿದ್ದಾಗ ಮಂಜುಳಾಳೇ ಅಂದಳು: "ಬರೀರಿ ಅಕ್ಕ. ನನ್ ಹೆಸ್ರು ಬೇಡ."

ನನ್ನ ಹೆಸರನ್ನೇ ಹಾಕಿದೆ. ನಮ್ಮ ಮನೆಯಲ್ಲಿ ಹುಳಕ್ಕೆ ಬೆಂಕಿ ಇದೆ, ಕೂಸಿಗೆ ಇಲ್ಲ; ಬರೆದದ್ದು ಇಷ್ಟೇ. ಅನ್ನದ ಅಗುಳಿನಿಂದ ಅಂಟಿಸುವಾಗ ಅವಸರದಲ್ಲಿ ಹಾಳೆ ಸೊಟ್ಟಗೆ ಕೂತಿತು. ಸರಿಮಾಡುವ ಧೈರ್ಯವಾಗದೆ ಓಡಿಬಂದೆ. ಮಹಾ ಹೋರಾಟಗಾರ್ತಿ!

ಸಂಜೆ ಡೈರಿಗೆ ಹಾಲು ಹಾಕಿ ಬಂದ ಮಾವ ಕ್ಯಾನು ಇಳಿಸಿ ನನ್ನನ್ನೇ ನೋಡಿದರು.

"ನೀನಾ ಬರ್ದಿದ್ದು?"

"ಹೂಂ ಮಾವ."

ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ಅವರು ಅತ್ತೆಯ ಕಡೆ ತಿರುಗಿ, "ಬಾಣಂತೀನ ಅಡುಗೆಮನೆಗೆ ಕರ್ಕೊಂಬಾ. ಊರೆಲ್ಲ ಓದ್ತಾ ನಿಂತೈತೆ" ಎಂದರು.

ಕೂಸು ಉಳಿಯಿತು. ಆದರೆ ಆ ಸಲ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಬೆಳೆ ಹೋಯಿತು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದದ್ದೆಲ್ಲ ಮಂಜುಳಾಳಿಗೆ, ವರ್ಷಗಟ್ಟಲೆ. ಅಲ್ಲಿಂದೀಚೆಗೆ ಯಾರ್ಯಾರಿಗೋ ಬರೆದುಕೊಟ್ಟಿದ್ದೇನೆ, ಪೇಪರಿಗೂ ಬರೆದಿದ್ದೇನೆ. ಪ್ರತಿ ಸಲವೂ ಹೆದರಿಕೆ. ಅಕ್ಷರ ನನ್ನದು, ಏಟು ಇನ್ಯಾರಿಗೋ.

ಔಷಧಿ ಹೊಡೆಸುತ್ತಿರುವ ಮನೆಯ ಸೊಸೆ ಈಗ ನನ್ನೆದುರು ಕೂತಿದ್ದಾಳೆ. ತುಂಬು ಬಸುರಿ. ಅವಳಿಗೂ ಕೊಟ್ಟಿಗೆ ಗುಡಿಸಿಟ್ಟಿದ್ದಾರಂತೆ. ಬರೆದುಕೊಡಿ ಎಂದು ಬಂದಿದ್ದಾಳೆ.

"ಬರೆದ್ಮೇಲೆ ಬೆಳೆ ಹೋದ್ರೆ ನಿನ್ ಮೇಲೇ ಹಾಕ್ತಾರೆ ಕಣಮ್ಮ. ಭಯ ಇಲ್ವಾ?"

"ಇದೆ ಆಂಟಿ. ಅದನ್ನೂ ಬರೀರಿ."