ಮಾವನ ಕಾರು ಬಿಚ್ಚಿದ್ದು, ನನ್ನ ಬಾಯಿ ಮುಚ್ಚಿದ್ದು

ತಪ್ಪು ನನ್ನದೇ. ಮಾವನ ಹಳೇ ಸ್ಪೋರ್ಟ್ಸ್ ಕಾರನ್ನು ಬಿಚ್ಚುವಾಗ ನಟ್ಟು ಬೋಲ್ಟುಗಳನ್ನು ಎತ್ತಿಡುವ ಒಂದೇ ಒಂದು ಕೆಲಸ ನನಗೆ ಕೊಟ್ಟಿದ್ದರು. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದೆನೆಂದರೆ, ಯಾವುದು ಎಲ್ಲಿಯದೆಂದು ಆಮೇಲೆ ಯಾರಿಗೂ ತಿಳಿಯಲಿಲ್ಲ.

ಮಾವ ಅಂದರೆ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿದವರು. ಖಾಯಂ ಗಿರಾಕಿಯೊಬ್ಬರು ಊರು ಬಿಡುವಾಗ ಆ ಎರಡು ಸೀಟಿನ ವಿಲಾಯತಿ ಕಾರನ್ನು ಅವರ ಪಾಲಿಗೆ ಬಿಟ್ಟುಹೋದರು. ವರ್ತಕ ನಗರದ ನಮ್ಮ ಬಿಲ್ಡಿಂಗಿನ ಕೆಳಗೆ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮಾವನಿಗೆ ಅದರ ಓಟಕ್ಕಿಂತ ಬಾಗಿಲಿನ ಮೇಲೆ ಪ್ರೀತಿ. ಬೆರಳ ತುದಿಯಿಂದ ದೂಡಿದರೆ ಸಾಕು, ಮೆತ್ತಗೆ ‘ಠಪ್’ ಎಂದು ಮುಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಹಾಲು ತರಲು ಇಳಿದ ಮಾವ ಆ ಸದ್ದು ಒಮ್ಮೆ ಕೇಳಿಯೇ ಮೇಲೆ ಬರುತ್ತಿದ್ದರು.

ನಾನೋ ಮಿಮಿಕ್ರಿಯವನು. ಸೊಸೈಟಿ ಸೆಕ್ರೆಟರಿಯ ಕೆಮ್ಮು, ಕಲ್ಯಾಣ ಲೋಕಲ್ಲಿನ ಅನೌನ್ಸ್‌ಮೆಂಟು, ಮಾವನ ಗೊರಕೆ, ಇವುಗಳ ಸಾಲಿಗೆ ಆ ‘ಠಪ್’ ಕೂಡ ಸೇರಿತ್ತು. ನನ್ನ ಸ್ವಂತ ಧ್ವನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಎರಡು ವರ್ಷ ಕಾದ ಮೇಲೆ ಘಣಸೋಲಿಯ ಒಂದು ಶೆಡ್ಡಿನಲ್ಲಿ ಪೇಂಟಿಗೆ ಸರದಿ ಸಿಕ್ಕಿತು. ಅಲ್ಲಿಯ ಮಿಸ್ತ್ರಿ ವಿಜಯಪುರದ ಕಡೆಯವರು. ಬೈಯುವುದು ಮರಾಠಿಯಲ್ಲಿ, ಬುದ್ಧಿ ಹೇಳುವುದು ಕನ್ನಡದಲ್ಲಿ. ಎಲ್ಲ ಬಿಚ್ಚಬೇಕು, ತಗಡಿನ ಕೆಲಸ ಮುಗಿದ ಮೇಲೆ ಬಾಗಿಲುಗಳನ್ನು ಒಮ್ಮೆ ಕೂರಿಸಿ ನೋಡಬೇಕು, ಸಂದು ಸಮ ಬಂದರೆ ಮಾತ್ರ ಬಣ್ಣ ಎಂಬುದು ಅವರ ಕಾನೂನು.

ಬಂಪರು, ದೀಪ, ಗಾಜು, ಸೀಟು, ಕೊನೆಗೆ ಬಾಗಿಲು, ಒಂದೊಂದಾಗಿ ಕಳಚಿ ಬಂದವು. ಬೋಲ್ಟುಗಳು ನನ್ನ ಕೈಗೆ. ಚಿಕ್ಕಂದಿನ ರಜೆಯೆಲ್ಲ ಮಾವನ ಹೋಟೆಲಿನ ಅಡುಗೆಮನೆಯಲ್ಲಿ ಕಳೆದವನು ನಾನು. ಅಲ್ಲಿ ಕಲಿತದ್ದು ಒಂದೇ: ಚಮಚ ಚಮಚದ ಜೊತೆ, ಲೋಟ ಲೋಟದ ಜೊತೆ. ಹಾಗಾಗಿ ಬೋಲ್ಟುಗಳನ್ನೆಲ್ಲ ತೊಳೆದು, ಒರೆಸಿ, ಉದ್ದದವು ಸಾಂಬಾರಿನ ಪಾರ್ಸೆಲ್ ಡಬ್ಬಿಗೆ, ಗಿಡ್ಡದವು ಚಟ್ನಿ ಡಬ್ಬಿಗೆ ಹಾಕಿದೆ. ಮಿಸ್ತ್ರಿ ಊಟಕ್ಕೆ ಹೋಗಿದ್ದರು. ಮಾವ ಬಂದು ನೋಡಿ, ಹೋಟೆಲಿನವರ ರಕ್ತ ಎಲ್ಲಿಗೂ ಹೋಗುವುದಿಲ್ಲ ಎಂದು ಬೆನ್ನು ತಟ್ಟಿದರು. ಆ ಭಾಗವನ್ನು ಅವರು ಈಗ ಒಪ್ಪುವುದಿಲ್ಲ.

ಬಾಗಿಲು ಕೂರಿಸುವ ದಿನ ಮಿಸ್ತ್ರಿ ಬಲಗಡೆಯ ಬಾಗಿಲಿನ ಮೇಲಿನ ಕೀಲಿನ, ಅಂದರೆ ಹಿಂಜಿನ, ಬೋಲ್ಟು ಕೇಳಿದರು. ನಾನು ಸಾಂಬಾರು ಬೇಕೋ ಚಟ್ನಿ ಬೇಕೋ ಎಂದೆ. ಅವರು ಡಬ್ಬಿಯೊಳಗೆ ಬಹಳ ಹೊತ್ತು ನೋಡಿದರು.

“ಇವೇನ್ ಚಮಚ ಏನೋ ತಮ್ಮಾ? ಬೋಲ್ಟಿಗೆ ಸೈಜ್ ಅಲ್ಲ, ಜಾಗಾ ಮುಖ್ಯ.”

ಬೋಲ್ಟಿನ ಪಾಡು ಹೇಗೋ ನಡೆಯುತ್ತಿತ್ತು. ಕೀಲಿನ ಹಿಂದೆ ಸಂದು ಸರಿಮಾಡಲು ಇಟ್ಟಿದ್ದ ತೆಳ್ಳನೆಯ ತಗಡಿನ ತುಂಡುಗಳಿದ್ದವಲ್ಲ, ಒಂದೊಂದು ಕೀಲಿಗೂ ಬೇರೆ ಬೇರೆ, ಅವನ್ನೂ ನಾನು ತೊಳೆದು, ತಟ್ಟೆ ಜೋಡಿಸಿದ ಹಾಗೆ ಒಂದೇ ಅಟ್ಟಿ ಮಾಡಿದ್ದೆ. ಸಂಜೆಯೊಳಗೆ ಬಾಗಿಲು ಕೂರದಿದ್ದರೆ ಸರದಿಯಲ್ಲಿ ಹಿಂದಿರುವ ಗಾಡಿ ಒಳಗೆ ಬರುತ್ತದೆ, ನಿಮ್ಮದು ಮಳೆಗಾಲ ಕಳೆದ ಮೇಲೆಯೇ ಎಂದರು ಮಿಸ್ತ್ರಿ. ಮಾವ ಒಂದು ಟೈರಿನ ಮೇಲೆ ಕೂತರು. ಬೈದಿದ್ದರೆ ಅದನ್ನಾದರೂ ಮಿಮಿಕ್ರಿ ಮಾಡಬಹುದಿತ್ತು.

ಬೆಳಗಿನಿಂದ ಮೂರು ಗಂಟೆಯವರೆಗೆ ತಗಡು ಸೇರಿಸುವುದು, ತೆಗೆಯುವುದು. ಬಾಗಿಲು ಒಮ್ಮೆ ಕೆಳಗೆ ಉಜ್ಜುತ್ತಿತ್ತು, ಒಮ್ಮೆ ‘ಖಡಕ್’ ಎಂದು ಹೊರಗೇ ನಿಲ್ಲುತ್ತಿತ್ತು. ಮಾವನ ಮುಖ ನೋಡಲಾಗಲಿಲ್ಲ. ಮುಂದಿನ ಸಲ ಮಿಸ್ತ್ರಿ ಬಾಗಿಲು ದೂಡಿದಾಗ ನಾನು ಹಿಂದೆ ನಿಂತು ಬಾಯಲ್ಲೇ ‘ಠಪ್’ ಎಂದೆ. ಮಾವ ತಟ್ಟನೆ ಎದ್ದು ಬಂದರು. ಕಣ್ಣಲ್ಲಿ ನೀರೇ ಇತ್ತು. ತಾವೇ ಇನ್ನೊಮ್ಮೆ ದೂಡಿದರು. ನಾನು ಆಗ ಚಹಾ ಕುಡಿಯುತ್ತಿದ್ದೆ. ‘ಖಡಕ್.’

ಅವರು ನನ್ನನ್ನು ನೋಡಿದ ರೀತಿ ಬರೆಯುವುದಿಲ್ಲ.

ಕೊನೆಗೆ ದಾರಿ ಕಂಡದ್ದು ಮಿಸ್ತ್ರಿಗೆ. ತುಂಡುಗಳನ್ನು ಬೆಳಕಿಗೆ ಹಿಡಿದರೆ ಕೆಲವುಗಳ ಅಂಚಿನಲ್ಲಿ ಕೆಂಪು ಬಣ್ಣದ ಗೆರೆ, ಉಳಿದವಕ್ಕೆ ಬರೀ ಕೆನೆಬಣ್ಣ. ಹಿಂದೊಮ್ಮೆ ನೀರಿನ ಟ್ಯಾಂಕರ್ ಗುದ್ದಿ ಬಲಗಡೆಗೆ ಮಾತ್ರ ಕೆನೆಬಣ್ಣದ ಅಡಿಗೆ ಕೆಂಪು ಪ್ರೈಮರ್ ಬಳಿಸಿದ್ದು ಮಾವನಿಗೆ ನೆನಪಾಯಿತು. ಕೆಂಪಿನವು ಬಲಕ್ಕೆ, ಕೆನೆಯವು ಎಡಕ್ಕೆ. ನಾನು ತೊಳೆದದ್ದು ಅಷ್ಟೇನೂ ಚೆನ್ನಾಗಿರಲಿಲ್ಲವೆಂಬುದೇ ನಮ್ಮನ್ನು ಉಳಿಸಿತು. ಇನ್ನು ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ನೋಡಿದರಾಯಿತು. ಐದು ಗಂಟೆಗೆ ಮಿಸ್ತ್ರಿ ಬಲಗಡೆಯ ಬಾಗಿಲು ದೂಡಿದರು.

‘ಠಪ್.’

ಮಾವ ಬಾಗಿಲನ್ನು ನೋಡಲಿಲ್ಲ, ನನ್ನ ಬಾಯಿಯನ್ನು ನೋಡಿದರು. ನಾನಲ್ಲ ಮಾವ ಎಂದು ಆಣೆ ಮಾಡಿದೆ. ಅವರು ನೀರಿನ ಬಾಟಲಿ ಮುಂದೆ ಹಿಡಿದರು. ನಾನು ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡು ಶೆಡ್ಡಿನ ನಡುವೆ ನಿಂತೆ. ಬಲ ಬಾಗಿಲು, ಠಪ್. ಎಡ ಬಾಗಿಲು, ಠಪ್. ನನ್ನ ಕೆನ್ನೆ ಮುಟ್ಟಿ ನೀರು ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ನಕ್ಕದ್ದು. ಮಿಸ್ತ್ರಿ ಮರುದಿನವೇ ಬಣ್ಣ ಹಚ್ಚಲು ಒಪ್ಪಿದರು.

ನೀರು ಉಗುಳಿ, ಬಣ್ಣ ಆದ ಮೇಲೆ ಕಾರು ಜೋಡಿಸಲು ನಾನೂ ಬರಲೇ ಎಂದು ಕೇಳಿದೆ.

“ಬಾ ಮಾರಾಯ,” ಎಂದರು ಮಾವ. “ಆದ್ರೆ ಕೈ ಜೇಬಲ್ಲಿ ಇರ್ಲಿ, ಬಾಯಲ್ಲಿ ನೀರು ಇರ್ಲಿ.”